ನಿಲಂಗಾದಲ್ಲಿ ಇಳಿಯುವ ತೊಗರಿ

ಹೊರಡುವ ಮುನ್ನ

ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ವಿಷಯ ಕಲಿಸುವವರು ಒಮ್ಮೆಯಾದರೂ ಜಪಾನಿಗೆ ಹೋಗಿಬರಬೇಕೆಂಬ ಅಲಿಖಿತ ನಿಯಮವಿದೆ. ಹೋಗಿಬಂದವರು ಅಲ್ಲಿನ ಕಾರ್ಖಾನೆಗಳ ನೆಲ ಎಷ್ಟು ಶುಭ್ರ, ಅಲ್ಲಿನ ರೈಲು ಎಷ್ಟು ಕರಾರುವಾಕ್ಕು ಎಂದು ವರ್ಷಗಟ್ಟಲೆ ಹೇಳುತ್ತಾರೆ. ನನಗೆ ಜಪಾನ್ ಒದಗಲಿಲ್ಲ. ನಾನು ಕಂಡ ಪರದೇಶ ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾ, ನಿಲಂಗಾ, ಉದಗೀರ. ದಾವಣಗೆರೆಯಿಂದ ಹೊರಟು ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿದರೆ ಸಿಗುವ ಪರದೇಶ. ಬೋರ್ಡುಗಳ ಲಿಪಿ ಬೇರೆ, ಬಸ್ಸಿನ ಬಣ್ಣ ಬೇರೆ, ಮಾತು ಮಾತ್ರ ಅರ್ಧಕ್ಕರ್ಧ ತಿಳಿಯುತ್ತದೆ. ಏನೂ ತಿಳಿಯದ ಮಾತಿಗಿಂತ ಅರ್ಧ ತಿಳಿಯುವ ಮಾತು ಮನುಷ್ಯನನ್ನು ಹೆಚ್ಚು ಒಂಟಿಯಾಗಿಸುತ್ತದೆ ಎಂಬುದು ಅಲ್ಲಿ ನನಗಾದ ಅನುಭವ.

ಹೋದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಲೀನ್ ಎಂದು ನಾವು ಕರೆಯುವ ವಿದ್ಯೆಯ ತಿರುಳು ಸರಳ. ಕಚ್ಚಾ ಮಾಲು ಗಿರಾಕಿಯ ಕೈಗೆ ಹೋಗುವ ದಾರಿಯಲ್ಲಿ ಎಲ್ಲಿ ಸುಮ್ಮನೆ ಕಾಯುತ್ತದೆ, ಎಲ್ಲಿ ಎರಡೆರಡು ಸಲ ಎತ್ತಿ ಇಳಿಸುತ್ತಾರೆ, ಎಲ್ಲಿ ಜನ ವೃಥಾ ನಡೆದಾಡುತ್ತಾರೆ ಎಂದು ಹುಡುಕುವುದು, ಹುಡುಕಿದ್ದನ್ನು ತೆಗೆಯುವುದು. ತೆಗೆಯುವ ಮೊದಲು ತೆಗೆದರೆ ಏನಾದೀತೆಂದು ತೋರಿಸುವುದು ನನ್ನ ಪಾಲಿನ ಕೆಲಸ. ಇಡೀ ಕಾರ್ಖಾನೆಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತೇನೆ. ಪರದೆಯ ಮೇಲೆ ಒಂದೊಂದು ಲೋಡು ಒಂದೊಂದು ಹಳದಿ ಚೌಕವಾಗಿ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಸರಿಯುತ್ತದೆ. ಎಲ್ಲಿ ಅಡಚಣೆಯಿದೆಯೋ ಅಲ್ಲಿ ಚೌಕಗಳು ಸಾಲುಗಟ್ಟುತ್ತವೆ. ವರ್ಷದ ವ್ಯವಹಾರ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಕಣ್ಣೆದುರು ಓಡಿ ಮುಗಿಯುತ್ತದೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಈ ಚೌಕಗಳ ಮೇಲೆ ನನಗೆ ಪೂರ್ತಿ ಭರವಸೆ ಎಂದೂ ಇದ್ದದ್ದಿಲ್ಲ. ಆದರೆ ಜನರಿಗೆ ಇರುತ್ತದೆ.

ಮನ್ಮಥಪ್ಪನವರಿಗೆ ಇತ್ತು. ಕಲಬುರಗಿಯಲ್ಲಿ ವ್ಯಾಪಾರಿಗಳ ಒಂದು ಸಭೆಯಲ್ಲಿ ನಾನು ಈ ಆಟ ತೋರಿಸಿದಾಗ ಅವರು ಹಿಂದಿನ ಸಾಲಿನಿಂದ ಎದ್ದುಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಗಡಿಯಾಚೆಯ ಲಿಂಗಾಯತ ವ್ಯಾಪಾರಿ ಮನೆತನ ಅವರದು. ಉಮರ್ಗಾದಲ್ಲಿ ತೊಗರಿ ಕೊಳ್ಳುವ ಅಂಗಡಿ, ನಿಲಂಗಾದಲ್ಲಿ ಗೋದಾಮು, ಉದಗೀರದಲ್ಲಿ ಬೇಳೆ ಮಿಲ್ಲು. ಮಿಲ್ಲು ಕೆಲವು ದಿನ ಮಾಲಿಲ್ಲದೆ ನಿಲ್ಲುತ್ತದೆ, ಕೆಲವು ದಿನ ಮಾಲು ಮೈಮೇಲೆ ಬೀಳುತ್ತದೆ; ಗಿರಾಕಿಗಳು ಕಾಯದೆ ಬೇರೆ ಮಿಲ್ಲು ಹಿಡಿಯುತ್ತಿದ್ದಾರೆ. ಬಂದು ನೋಡಬೇಕು ಎಂದರು. ಆಮೇಲೆ ಫೋನಿನಲ್ಲಿ ಒಂದು ಷರತ್ತನ್ನೂ ಹಾಕಿದರು.

"ಕಂಪ್ಯೂಟರ ಏನ ಹೇಳತದ, ಅದು ನನಗ ಒಬ್ಬನಿಗೇ ಹೇಳಬ್ಯಾಡ್ರಿ ಸರ್. ಎಲ್ಲಾರನ್ನೂ ಕೂಡಿಸ್ತೀನಿ. ಎಲ್ಲಾರ ಮುಂದ ಹೇಳ್ರಿ."

ಇದನ್ನು ಬರೆಯುತ್ತಿರುವುದು ಹಲವು ವರ್ಷಗಳ ನಂತರ. ನಾನು ಅಲ್ಲಿ ಗಡಿಯಾರ ಹಿಡಿದು ಅಳೆದದ್ದೆಲ್ಲ ಇನ್ನೂ ಹಳೆಯ ಕಂಪ್ಯೂಟರಿನಲ್ಲಿದೆ. ಜನ ಆಡಿದ ಮಾತು ಮಾತ್ರ ನನ್ನ ತಲೆಯಲ್ಲಿದೆ. ಅದು ಅಷ್ಟೇನೂ ನಂಬಬಹುದಾದ ಜಾಗವಲ್ಲ. ನಾನು ಮನೆಗೆ ಮರಳಿ ಬಂದ ದಿನ ಹೇಳಿದ ಕತೆಗೂ ಈಗ ಹೇಳುವ ಕತೆಗೂ ಅಲ್ಲಲ್ಲಿ ಹೊಂದುವುದಿಲ್ಲ ಎಂದು ನನ್ನ ಹೆಂಡತಿ ಸುಧಾಳ ಆಕ್ಷೇಪಣೆಯಿದೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ಯೆಣೆಗೂರ

ನಾನು ಇಳಿಯಬೇಕಾದದ್ದು ಉಮರ್ಗಾದಲ್ಲಿ. ಇಳಿದದ್ದು ಅದಕ್ಕೆ ಮೊದಲು ಸಿಗುವ ಯೆಣೆಗೂರದಲ್ಲಿ. ಅಲ್ಲಿನ ಸರಕಾರಿ ಬಸ್ಸಿಗೆ ಜನ ಎಸ್ಟಿ ಎನ್ನುತ್ತಾರೆ. ಎಸ್ಟಿ ಒಂದು ಧಾಬಾದ ಮುಂದೆ ನಿಂತಿತು, ಕಂಡಕ್ಟರು ಏನೋ ಹೇಳಿದ, ನಾಲ್ಕಾರು ಜನ ಇಳಿದರು, ಚಹಾಕ್ಕೆ ನಿಲ್ಲಿಸಿದ್ದಾರೆಂದು ನಾನೂ ಇಳಿದೆ. ಅವರು ಆ ಊರಿನವರು. ನಾನು ಚಹಾ ಹೇಳಿ ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೆದ್ದಾರಿಯ ಕೊನೆಯಲ್ಲಿ ಕೆಂಪು ಚುಕ್ಕೆಯಾಗಿತ್ತು. ಕಂಪ್ಯೂಟರು ಹೆಗಲಲ್ಲಿತ್ತು, ಬಟ್ಟೆಯ ಚೀಲ ಬಸ್ಸಿನಲ್ಲಿತ್ತು.

ನಮ್ಮ ಕಡೆ ಹೀಗಾದರೆ ಸುತ್ತ ಇದ್ದವರು ತಲೆಗೊಂದು ಸಲಹೆ ಕೊಡುತ್ತಾರೆ. ಅಲ್ಲಿ ಯಾರೂ ಗಾಬರಿಯಾಗಲಿಲ್ಲ. ಧಾಬಾದವನು ಒಂದು ಹೊರಸು ಎಳೆದು ಕೂರಲು ಹೇಳಿ ತನ್ನ ಕೆಲಸಕ್ಕೆ ಹೋದ. ಕುಡಿದ ಚಹಾಕ್ಕೆ ಜತೆಯಾಗಿ ಇನ್ನರ್ಧ ಚಹಾ ಬಂತು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಊರು, ಮಠ, ಮಕ್ಕಳು ಎಲ್ಲ ವಿಚಾರಿಸಿದರು. ಕೆಲಸವೇನು ಎಂದು ಮಾತ್ರ ಕೇಳಲಿಲ್ಲ. ಸುತ್ತ ಕಪ್ಪು ನೆಲ, ಕೊಯ್ದ ತೊಗರಿಯ ಕೂಳೆ, ಒಂದೂ ಎತ್ತರದ ಮನೆಯಿಲ್ಲ. ಎಲ್ಲ ಮನೆಗಳೂ ನೆಲಕ್ಕೆ ಅವಚಿಕೊಂಡಂತಿದ್ದವು. ಅದನ್ನು ನಾನು ಬಡತನವೆಂದುಕೊಂಡೆ.

ಫೋನು ಮಾಡಿದ ಮೇಲೆ ಮನ್ಮಥಪ್ಪನವರು ತಮ್ಮ ಟೆಂಪೋ ಕಳಿಸಿದರು. ಓಡಿಸಿಕೊಂಡು ಬಂದವರು ಖಾಜಾಭಾಯಿ. ಆ ಮನೆತನದ ಮಾಲನ್ನು ಉಮರ್ಗಾದಿಂದ ಉದಗೀರಕ್ಕೆ ಹೊರುತ್ತ ಗಡ್ಡ ಬೆಳ್ಳಗಾದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕೆಲಸದ ವಿವರವನ್ನು ಯಾರೋ ಹೇಳಿದ್ದರೆಂದು ತೋರುತ್ತದೆ, ನಗದೆಯೇ ಅಂದರು:

"ಮಾಲ ಎಲ್ಲಿ ಅಟಕಾಯಿಸ್ತದ ಅಂತ ನೋಡ್ಲಕ್ಕ ಬಂದವರು ನೀವೇ ಅಟಕಾಯಿಸಿ ಕುಂತೀರಲ್ರಿ ಸಾಬ್."

ಬಟ್ಟೆಯ ಚೀಲ ಉಮರ್ಗಾ ನಿಲ್ದಾಣದ ಖೋಲಿಯಲ್ಲಿ ಭದ್ರವಾಗಿತ್ತು. ಯಾರೂ ರುಜು ಕೂಡ ಕೇಳದೆ ಕೊಟ್ಟರು.

ಉಮರ್ಗಾ

ಮರುದಿನ ಬೆಳಿಗ್ಗೆ ಗಡಿಯಾರ ಹಿಡಿದು ಧಾನ್ಯದ ಪೇಟೆಗೆ ಹೋದೆ. ಅದಕ್ಕೆ ಅಲ್ಲಿ ಮೊಂಢಾ ಎನ್ನುತ್ತಾರೆ. ಗೇಟು ತೆರೆದಿತ್ತು, ಒಳಗೆ ಎರಡು ನಾಯಿಗಳಿದ್ದವು. ಒಬ್ಬ ಹಮಾಲ ತನ್ನ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಿದ್ದ. ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಆ ಪೇಟೆಯಲ್ಲಿ ತಕ್ಕಡಿ ಏಳುವುದಿಲ್ಲ. ದಾವಣಗೆರೆಯಲ್ಲಿ ಕೂತು ಫೋನಿನಲ್ಲಿ ಕೇಳಿದ ವಿವರಗಳಿಂದ ನಾನು ಕಟ್ಟಿದ್ದ ಮಾದರಿಯಲ್ಲಿ ಭಾನುವಾರವಿತ್ತು, ಹಬ್ಬಗಳಿದ್ದವು, ಚಂದ್ರನಿರಲಿಲ್ಲ.

ಹಾಗಾಗಿ ಆ ದಿನವೆಲ್ಲ ಮನ್ಮಥಪ್ಪನವರ ಮನೆಯಲ್ಲಿ ಕೂತೆ. ಅವರು ಉದಗೀರದಲ್ಲಿದ್ದರು. ಮನೆಯಲ್ಲಿದ್ದವರು ಅವರ ಹೆಂಡತಿ ಕಮಲಾಬಾಯಿ, ಆಳಂದದ ಕಡೆಯಿಂದ ಆ ಊರಿಗೆ ಸೊಸೆಯಾಗಿ ಬಂದವರು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಶೇಂಗಾ ಚಟ್ನಿ ಬಡಿಸಿ, ನಾನು ಚಂದ್ರನನ್ನು ಮರೆತ ಕತೆ ಕೇಳಿ, ಅಮಾವಾಸ್ಯೆ ಮರೆತ ಬ್ರಾಹ್ಮಣರನ್ನೂ ನೋಡಿಲ್ಲ, ವ್ಯಾಪಾರಸ್ಥರನ್ನೂ ನೋಡಿಲ್ಲ, ಇಂಜಿನಿಯರರನ್ನು ಇದೇ ಮೊದಲು ನೋಡಿದ್ದು ಎಂದರು. ಅಂಗಳದಲ್ಲಿ ಹೊರಸುಗಳು ಸಾಲಾಗಿದ್ದವು. ಮಳೆಯೊಂದನ್ನು ಬಿಟ್ಟರೆ ಆ ಮನೆಯವರು ಎಲ್ಲ ಕಾಲದಲ್ಲೂ ಹೊರಗೇ ಮಲಗುತ್ತಾರೆ. ಆ ಸೀಮೆಯ ಹಳ್ಳಿಗಳನ್ನು ಒಂದೇ ರಾತ್ರಿಯಲ್ಲಿ ನೆಲಸಮ ಮಾಡಿದ ಭೂಕಂಪದ ಮರುವರ್ಷ ಹುಟ್ಟಿದ ಮಕ್ಕಳೂ ಈಗ ದೊಡ್ಡವರಾಗಿ ಹೊರಗೇ ಮಲಗುತ್ತಾರೆ, ಯಾಕೆಂದು ಅವರನ್ನು ಕೇಳಿದರೆ ಸೆಖೆ ಎನ್ನುತ್ತಾರಂತೆ.

ನಾನು ಯಾಕೆ ಬಂದಿದ್ದೇನೆಂಬುದನ್ನು ನನಗೆ ಹೇಳಿದವರು ಕಮಲಾಬಾಯಿ.

ಮನ್ಮಥಪ್ಪನವರಿಗೆ ಒಬ್ಬ ಅಣ್ಣ, ಸಿದ್ರಾಮಪ್ಪ. ಭೂಕಂಪದ ಸಮಯದಲ್ಲಿ ಸಿದ್ರಾಮಪ್ಪನವರ ಹೆಂಡತಿ, ಮಗಳು ಹಳ್ಳಿಯ ಮನೆಯಲ್ಲಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮೊಳ ದಪ್ಪ ಮಣ್ಣು ಹೊತ್ತ ಮಾಳಿಗೆ. ಇಬ್ಬರೂ ಅದರಡಿಯಿಂದ ಏಳಲಿಲ್ಲ. ಸಿದ್ರಾಮಪ್ಪ ಅಂದು ವಸೂಲಿಗೆಂದು ಬೇರೆ ಊರಿಗೆ ಹೋಗಿ ಉಳಿದಿದ್ದರು. ಆಮೇಲೆ ತಿಂಗಳುಗಟ್ಟಲೆ ಮಾತಾಡಲಿಲ್ಲ, ಕೊಟ್ಟರೆ ಉಂಡರು. ತಮ್ಮನಿಗೆ ಭಯವಾಯಿತು. ನಿಲಂಗಾದಲ್ಲಿ ಖಾಲಿ ಬಿದ್ದಿದ್ದ ಒಂದು ಜಾಗಕ್ಕೆ ತಗಡು ಹೊದಿಸಿ ಗೋದಾಮು ಮಾಡಿ, ಅಣ್ಣಾ, ನೀನು ನೋಡದೆ ಒಂದು ಕಾಳೂ ಮಿಲ್ಲಿಗೆ ಹೋಗುವುದು ಬೇಡ ಎಂದರು. ಅಂದಿನಿಂದ ಉಮರ್ಗಾದಲ್ಲಿ ತೂಗಿ ನೋಡಿ ತುಂಬಿದ ತೊಗರಿ ನಿಲಂಗಾದಲ್ಲಿ ಇಳಿಯುತ್ತದೆ, ಇನ್ನೊಮ್ಮೆ ನೋಡಿಸಿಕೊಳ್ಳುತ್ತದೆ, ಇನ್ನೊಮ್ಮೆ ಏರುತ್ತದೆ. ಮಿಲ್ಲು ಉದಗೀರದಲ್ಲಿ ಕಾಯುತ್ತದೆ.

"ಗೋದಾಮು ಮುಚ್ಚಬೇಕು ಅಂತ ಇವರಿಗೆ ಮೂರು ವರ್ಷದಿಂದ ಅದ," ಎಂದರು ಕಮಲಾಬಾಯಿ. "ಅಣ್ಣನ ಮುಂದ ನಿಂತರ ಬಾಯಿ ಬರೂದಿಲ್ಲ. ಅದಕ್ಕ ಬಾಯಿ ಇದ್ದ ಪೆಟ್ಟಿಗಿ ತರಿಸ್ಯಾರ."

ಹಾಗೆ ಹೇಳಿ ನನ್ನ ಕಂಪ್ಯೂಟರಿನ ಕಡೆ ನೋಡಿದರು. ಮುಚ್ಚಿದರೆ ಅಣ್ಣನವರು ಏನಾಗುತ್ತಾರೆ ಎಂದು ಕೇಳಿದೆ. ಮಾಡಿಕೊಂಡದ್ದು ಅದೊಂದೇ ಬದುಕು ಎಂಬರ್ಥದ ಮಾತನ್ನು ಅವರು ಮರಾಠಿಯಲ್ಲಿ ಹೇಳಿದರು, ಆಮೇಲೆ ಅದನ್ನು ಕನ್ನಡಕ್ಕೆ ತರಲು ಹೋಗಿ ಬಿಟ್ಟುಬಿಟ್ಟರು.

ಊಟವಾದ ಮೇಲೆ ನಾನು ಮಾದರಿಯಲ್ಲಿ ಅಮಾವಾಸ್ಯೆಗಳನ್ನು ಸೇರಿಸುತ್ತ ಕೂತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ನಿಲಂಗಾ

ನಿಲಂಗಾಕ್ಕೆ ತೊಗರಿಯ ಜೊತೆಗೇ ಹೋದೆ. ಸರಕಿನ ಹಿಂದೆ ಸರಕಿನ ವೇಗದಲ್ಲೇ ಹೋಗಬೇಕೆಂಬುದು ನಮ್ಮ ವಿದ್ಯೆಯ ಒಂದು ಕ್ರಮ. ಜಪಾನಿನಲ್ಲಿ ಇದನ್ನು ಬಹಳ ಗೌರವದಿಂದ ಮಾಡುತ್ತಾರಂತೆ. ಖಾಜಾಭಾಯಿಯ ಟೆಂಪೋದಲ್ಲಿ ಅದು ಗೌರವದ ವಿಷಯವಾಗಿ ಉಳಿಯಲಿಲ್ಲ; ಒಂದು ತಗ್ಗಿನಲ್ಲಿ ತಲೆ ಮೇಲಿನ ತಗಡಿಗೆ ಬಡಿದು ಹಣೆ ಊದಿತು. ಕೋರ್ಟಿನ ಮುಂದೆ ಕರಿ ಕೋಟಿನವರ ಗುಂಪು, ಶಾಲೆ ಬಿಟ್ಟ ಮಕ್ಕಳು, ಬಸ್ ನಿಲ್ದಾಣದ ಧೂಳು ದಾಟಿ ಗೋದಾಮಿಗೆ ಬಂದೆವು.

ಸಿದ್ರಾಮಪ್ಪ ಬಾಗಿಲಲ್ಲಿ ನಿಂತಿದ್ದರು. ಎತ್ತರದ, ತೆಳ್ಳನೆಯ ಆಳು, ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ. ನನ್ನ ಹಣೆ ನೋಡಿ ಒಳಗಿಂದ ಅರಿಸಿನ ತಂದರು. ಯಾರು, ಯಾಕೆ ಎಂದು ಕೇಳಲಿಲ್ಲ.

ಅಂಥ ಗೋದಾಮನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಮಾನ್ಯವಾಗಿ ಚೀಲಗಳು ಸೂರಿನವರೆಗೆ ಏರಿರುತ್ತವೆ, ಹಮಾಲರು ಹಲಗೆ ಹತ್ತಿ ಮೇಲೆ ಹೋಗುತ್ತಾರೆ. ಇಲ್ಲಿ ಚೀಲ ಪೇರಿಸಿದ ಯಾವ ಅಟ್ಟಿಯೂ ನನ್ನ ಎದೆಯನ್ನು ಮೀರಿರಲಿಲ್ಲ. ಪ್ರತಿ ಅಟ್ಟಿಯ ಸುತ್ತ ಒಬ್ಬ ಮನುಷ್ಯ ಓಡಿಹೋಗುವಷ್ಟು ದಾರಿ, ಎಲ್ಲ ದಾರಿಯೂ ಬಾಗಿಲಿಗೆ ನೇರ. ಬಾಗಿಲುಗಳು ಎರಡೂ ಕಡೆ ತೆರೆದೇ ಇದ್ದವು. ಹೀಗೆ ಇಡುವುದರಿಂದ ಜಾಗ ಬೇಗ ತುಂಬುತ್ತದೆ, ತುಂಬಿದ್ದು ಖಾಲಿಯಾಗುವ ತನಕ ಮುಂದಿನ ಲೋಡು ಹೊರಗೆ ಕಾಯುತ್ತದೆ. ಇಳಿದ ಪ್ರತಿ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ, ತಳದ ಕಾಳು ಮೇಲೆ ತಂದು ನೋಡಿ, ಸಿದ್ರಾಮಪ್ಪನವರೇ ದಬ್ಬಣದಿಂದ ಸುತಳಿ ಹಾಕಿ ಮತ್ತೆ ಹೊಲಿಯುತ್ತಿದ್ದರು. ಅದಾಗಲೇ ಉಮರ್ಗಾದಲ್ಲಿ ನೋಡಿದ ಕಾಳು. ಹೊಲಿಗೆ ಮಾತ್ರ ಚೆನ್ನಾಗಿತ್ತು.

ಅಟ್ಟಿಯನ್ನು ಇನ್ನಷ್ಟು ಎತ್ತರಿಸಬಾರದೇ ಎಂದು ಕೇಳಿದೆ.

"ಎತ್ತರ ಏನ ಇಟ್ಟರೂ ಬೀಳತದ್ರಿ," ಎಂದರು.

ಕಂಪ್ಯೂಟರಿನಲ್ಲಿ ಅಟ್ಟಿಯ ಗರಿಷ್ಠ ಎತ್ತರ ಎಂಬ ಒಂದು ಖಾನೆಯಿದೆ. ಅದರಲ್ಲಿ ಎದೆಮಟ್ಟ ಎಂಬುದಕ್ಕೆ ಸಮನಾದ ಅಂಕಿ ತುಂಬಿದೆ. ಯೆಣೆಗೂರದ ಅವಚಿಕೊಂಡ ಮನೆಗಳು ಆಗ ನೆನಪಾದವು ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಅದು ನೆನಪಾದದ್ದು ಬಹುಶಃ ಇದನ್ನು ಬರೆಯಲು ಕೂತ ಮೇಲೆ.

ಮಧ್ಯಾಹ್ನ ಕರೆಂಟು ಹೋಯಿತು. ಕಂಪ್ಯೂಟರಿನ ಬ್ಯಾಟರಿಯೂ ಮುಗಿಯಿತು. ಖಾಜಾಭಾಯಿ ಟೆಂಪೋದ ಕೆಳಗೆ ನೆರಳಲ್ಲಿ ಮಲಗಿದರು. ನಾನು, ಸಿದ್ರಾಮಪ್ಪ ಬಾಗಿಲ ಹತ್ತಿರ ಎರಡು ಚೀಲಗಳ ಮೇಲೆ ಕೂತೆವು. ಅರ್ಧರ್ಧ ಚಹಾ ಬರುತ್ತಿತ್ತು, ಹೋಗುತ್ತಿತ್ತು. ಗಿರಾಕಿಯಿಲ್ಲ, ನೆರೆಯವರಿಲ್ಲ. ಇಷ್ಟು ವರ್ಷ ಈ ಮನುಷ್ಯ ಎರಡು ಲೋಡುಗಳ ನಡುವಿನ ಹೊತ್ತನ್ನು ಹೀಗೇ ಕಳೆದಿದ್ದಾರೆ ಎಂಬುದು ಅಂಕಿಗಳಿಂದ ತಿಳಿಯುತ್ತಿರಲಿಲ್ಲ, ಕೂತಾಗ ತಿಳಿಯಿತು. ನನಗೆ ಕೂತಲ್ಲಿ ಕೂರುವ ಸ್ವಭಾವವಿಲ್ಲ. ನಾಲ್ಕು ಸಲ ಎದ್ದು ಹೊರಗೆ ಹೋಗಿಬಂದೆ. ಅವರು ಅಲುಗಲಿಲ್ಲ.

ಆ ಮಧ್ಯಾಹ್ನ ಅವರೊಂದು ಮಾತು ಆಡಿದರು. ಬೇಸರವಾಗುವುದಿಲ್ಲವೇ ಎಂಬ ನನ್ನ ಪ್ರಶ್ನೆಗೆ, "ತಮ್ಮಗ ಬೇಕಲ್ರಿ ಇದು," ಎಂದಂತೆ ನೆನಪು. ತಮ್ಮನ ವ್ಯಾಪಾರಕ್ಕೆ ಈ ಗೋದಾಮು ಬೇಕು ಎಂಬ ಅರ್ಥದಲ್ಲಿ ತಗೊಂಡೆ. ಮಾತು ಅದೇ ಇತ್ತೋ, ಮುಂದೆ ಉದಗೀರದಲ್ಲಿ ಆದದ್ದರಿಂದ ಈ ಮಾತು ಹುಟ್ಟಿಕೊಂಡಿತೋ ಹೇಳಲಾರೆ. ಬಂದ ದಿನ ಈ ಮಾತನ್ನು ನಾನು ಹೇಳಿರಲೇ ಇಲ್ಲ ಎನ್ನುತ್ತಾಳೆ ಸುಧಾ.

ಉದಗೀರ: ಅಂಗಳ

ಉದಗೀರದಲ್ಲಿ ಕೋಟೆಯಿದೆ. ನೋಡಲಿಲ್ಲ. ಮಿಲ್ಲಿನ ಕಾಂಪೌಂಡಿನೊಳಗೆ ಕಣ್ಣಿಗೆ ಬಿದ್ದದ್ದು ಅದರ ಅಂಗಳ. ಸಿಮೆಂಟು ಬಳಿದ ದೊಡ್ಡ ಬಯಲು, ಅದರ ತುಂಬ ಎಣ್ಣೆ ಸವರಿ ಹರವಿದ ತೊಗರಿ ಬಿಸಿಲಿಗೆ ಒಣಗುತ್ತಿತ್ತು. ಹೆಂಗಸರು ಸೀರೆ ಎತ್ತಿ ಕಟ್ಟಿ ಬರಿಗಾಲನ್ನು ಕಾಳಿನೊಳಗೆ ತೂರಿಸಿ ಎಳೆಯುತ್ತ, ನೇಗಿಲು ಸಾಲು ಹೊಡೆದಂತೆ ನಡೆಯುತ್ತಿದ್ದರು. ಕಾಳು ಒಣಗಿದರೆ ಸಿಪ್ಪೆ ಸಡಿಲಾಗುತ್ತದೆ, ಆಮೇಲೆ ಒಳಗಿನ ಯಂತ್ರ ಅದನ್ನು ಬೇಳೆಯಾಗಿ ಒಡೆಯುತ್ತದೆ. ಮೋಡ ಬಂದರೆ ಎಲ್ಲವೂ ನಿಲ್ಲುತ್ತದೆ.

ಅಂಗಳದ ಮೂಲೆಯಲ್ಲಿ ಒಂದು ಅಡಿಪಾಯ ತೋಡಿಟ್ಟಿದ್ದರು. ಬಿಸಿಗಾಳಿಯಿಂದ ಕಾಳು ಒಣಗಿಸುವ ಯಂತ್ರ ಅಲ್ಲಿ ಕೂರಬೇಕಿತ್ತು. ಅದನ್ನು ಮನ್ಮಥಪ್ಪನವರು ಡ್ರೈಯರ್ ಎನ್ನುವಾಗ ಮಗಳ ಮದುವೆಯ ಮಾತಾಡುವ ತಂದೆಯ ಧ್ವನಿ ಬರುತ್ತಿತ್ತು. ಡ್ರೈಯರ್ ಬಂದರೆ ಬಿಸಿಲು ಬೇಡ, ಅಂಗಳ ಬೇಡ, ಲಾರಿಗಳು ಒಳಗೆ ತಿರುಗಲು ಜಾಗವಾಗುತ್ತದೆ. ಮೊದಲು ನಿಲಂಗಾ ಹೋಗಬೇಕು, ಆಮೇಲೆ ಅಂಗಳ ಹೋಗಬೇಕು ಎಂಬುದು ಅವರ ಲೆಕ್ಕ. ನನ್ನ ಮಾದರಿಯ ಲೆಕ್ಕವೂ ಅದೇ. ಅವರ ಮಾತಿಗೂ ನನ್ನ ಮಾದರಿಗೂ ಇಷ್ಟು ಸಲೀಸಾಗಿ ಹೊಂದಿದ್ದು ನನ್ನ ಅನುಮಾನವನ್ನು ಹೆಚ್ಚಿಸಬೇಕಿತ್ತು. ನನಗೆ ಖುಷಿಯೇ ಆಯಿತು.

ಹೆಂಗಸರು ಏನಾಗುತ್ತಾರೆ ಎಂದು ಕೇಳಿದೆ. ಒಳಗೆ ಚೀಲ ತುಂಬುವ ಕಡೆ ಹಾಕುವುದಾಗಿ ಹೇಳಿದರು. ಎಲ್ಲರನ್ನೂ ಹಾಕಲಾಗುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಉದಗೀರ: ಗಾದಿ

ಮಿಲ್ಲಿನ ಮುಂಭಾಗದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಗಾದಿ ಹಾಸಿತ್ತು. ವ್ಯವಹಾರವೆಲ್ಲ ಅದರ ಮೇಲೇ. ಮೇಲೊಂದು ಅಂತಸ್ತು, ಅದರ ತುಂಬ ಬೇಳೆಯ ಚೀಲ. ಮನ್ಮಥಪ್ಪ ನಡುವೆ ಕೂತರು. ಕಮಲಾಬಾಯಿ ಉಮರ್ಗಾದಿಂದ ಬಂದಿದ್ದರು. ಮಿಲ್ಲಿಗೆ ಅವರು ಬರುವುದು ರೂಢಿಯಿಲ್ಲವೆಂದು ಗುಮಾಸ್ತರ ಗಡಿಬಿಡಿಯಿಂದಲೇ ತಿಳಿಯಿತು. ಸಿದ್ರಾಮಪ್ಪನವರನ್ನು ಖಾಜಾಭಾಯಿ ಕರೆತಂದರು. ಅವರು ಪೂರ್ತಿ ಒಳಗೆ ಬರಲಿಲ್ಲ. ಹೊಸ್ತಿಲ ಈಚೆ ಗಾದಿಯ ಅಂಚಿನಲ್ಲಿ, ಒಂದು ಕಾಲು ಹೊರಗಿಟ್ಟೇ ಕೂತರು. ಯಾರೂ ಒಳಗೆ ಬನ್ನಿ ಎನ್ನಲಿಲ್ಲ. ಅದು ಅವರ ಜಾಗವೆಂದು ಎಲ್ಲರಿಗೂ ಗೊತ್ತಿದ್ದಂತಿತ್ತು.

ನಾನು ಮಾದರಿಯನ್ನು ಈಗ ಇದ್ದಂತೆಯೇ ಓಡಿಸಿದೆ. ಎಡಗಡೆ ಉಮರ್ಗಾದಿಂದ ಹಳದಿ ಚೌಕಗಳು ಹೊರಟವು. ನಿಲಂಗಾದಲ್ಲಿ ನಿಂತವು. ಹಿಂದಿನಿಂದ ಬಂದವು ಅವುಗಳ ಬೆನ್ನಿಗೆ ನಿಂತವು. ಬಲಗಡೆ ಮಿಲ್ಲಿನ ಯಂತ್ರ ಕೆಲಸವಿಲ್ಲದೆ ಕೆಂಪಾಯಿತು, ಆಮೇಲೆ ಒಟ್ಟಿಗೆ ಬಂದ ಮಾಲಿನಲ್ಲಿ ಮುಳುಗಿತು, ಮತ್ತೆ ಕೆಂಪಾಯಿತು. ಯಾರೂ ವಿವರಣೆ ಕೇಳಲಿಲ್ಲ. ಮನ್ಮಥಪ್ಪ ಪರದೆಯನ್ನು ನೋಡುತ್ತಿರಲಿಲ್ಲ. ಹೊಸ್ತಿಲ ಆಚೆಗಿದ್ದ ಅಣ್ಣನ ಪಾದವನ್ನು ನೋಡುತ್ತಿದ್ದರು.

ಮಾತು ತೆಗೆದವರು ಸಿದ್ರಾಮಪ್ಪ.

"ನಿಲಂಗಾ ತಗದು ತೋರಿಸ್ರಿ."

ತೆಗೆದೆ. ಒಂದು ಗುಂಡಿ ಒತ್ತಿದರೆ ಒಂದು ಗೋದಾಮು ಹೋಗುತ್ತದೆ. ಈ ಓಟದಲ್ಲಿ ಅಂಗಳದ ಬದಲು ಬರಲಿದ್ದ ಡ್ರೈಯರನ್ನೂ ಇಟ್ಟಿದ್ದೆ. ಚೌಕಗಳು ಒಂದರ ಹಿಂದೆ ಒಂದು, ಸಮ ಅಂತರದಲ್ಲಿ, ಇರುವೆಗಳಂತೆ ಉದಗೀರದವರೆಗೆ ನಡೆದವು. ಯಂತ್ರ ಕೆಂಪಾಗಲೇ ಇಲ್ಲ. ಸಿದ್ರಾಮಪ್ಪ ಕೊನೆಯ ಚೌಕ ಮುಟ್ಟುವವರೆಗೂ ನೋಡಿದರು.

"ಇದಕ್ಕ ಇಷ್ಟು ದೂರದಿಂದ ಇವರನ್ನ ಯಾಕ ಕರೆಸಿದಿ, ಮನ್ಮಥಾ? ನನಗ ಹೇಳಿದ್ರ ಆಗ್ತಿರಲಿಲ್ಲೇನು?"

ಮನ್ಮಥಪ್ಪ ಗಾದಿಯ ಮೇಲೆ ಮುಂದಕ್ಕೆ ಸರಿದರು. "ಅಣ್ಣಾ, ಅದು ನಿನಗ ಬೇಕು ಅಂತ…"

"ನನಗ?" ಸಿದ್ರಾಮಪ್ಪನವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನಾ ಎಲ್ಲಿ ಕೇಳಿದ್ದೆ? ನೀ ಅವತ್ತು ನನ್ನ ಕಾಲ ಹಿಡಕೊಂಡು ಅತ್ತಿ. ನೀ ನೋಡಲಾರದ ಒಂದು ಕಾಳೂ ಹೋಗೂದು ಬ್ಯಾಡ ಅಂದಿ. ಇಂವಾ ಅಂಜ್ಯಾನ, ನಾ ಒಂದು ಕಡಿ ಕುಂತರ ಇಂವಗ ನಿದ್ದಿ ಹತ್ತತದ ಅಂತ ಕುಂತೆ. ನಿನ್ನ ಸಲುವಾಗಿ ಕುಂತಿದ್ದೆ, ತಮ್ಮಾ."

ಹೊರಗೆ ಯಂತ್ರದ ಸದ್ದಿತ್ತು. ಕಮಲಾಬಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದರು, ಅಳು ತಡೆಯಲೋ ನಗು ತಡೆಯಲೋ ನನಗೆ ಕಾಣಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಇಬ್ಬರೂ ಒಬ್ಬರ ಸಲುವಾಗಿ ಇನ್ನೊಬ್ಬರು ಆ ತಗಡಿನ ಶೆಡ್ಡನ್ನು ಹೊತ್ತುಕೊಂಡಿದ್ದರು. ನಾನು ಅಳೆದ ವ್ಯರ್ಥದಲ್ಲಿ ಇದಕ್ಕೆ ಖಾನೆಯಿರಲಿಲ್ಲ, ಇದ್ದಿದ್ದರೂ ಏನು ತುಂಬಬೇಕಿತ್ತೋ.

ಒಬ್ಬಂಟಿಯಾಗಿ ಅಲ್ಲಿ ಏನು ಸುಖವಿತ್ತು ಎಂಬಂಥ ಇನ್ನೂ ಕೆಲವು ಮಾತು ಸಿದ್ರಾಮಪ್ಪ ಆಡಿದರು. ಸಿಟ್ಟಿರಲಿಲ್ಲ. ಹಬ್ಬಕ್ಕೆ ಮನೆಗೆ ಬಂದರೂ ತೊಗರಿ ಕಾಯುತ್ತಿದೆ ಎಂದು ಸಂಜೆಗೇ ಹೊರಡುತ್ತಿದ್ದೆ, ನೀವು ಯಾರೂ ಇರು ಅನ್ನಲಿಲ್ಲ ಎಂದರು. ಅಣ್ಣನಿಗೆ ಅಲ್ಲೇ ನೆಮ್ಮದಿಯೆಂದು ನಾವು ತಡೆಯಲಿಲ್ಲ ಎಂದರು ತಮ್ಮ. ಎರಡೂ ನಿಜವಿದ್ದಿರಬೇಕು.

ಕೊನೆಗೆ ಸಿದ್ರಾಮಪ್ಪ ಕೇಳಿದರು, "ಹಂಗಾರ ನಾಳೆಯಿಂದ ನಾ ಎಲ್ಲಿ ಕುಂದರ್ಲಿ?"

"ಇಲ್ಲೇ ಅಣ್ಣಾ. ಗಾದಿ ಮ್ಯಾಲ. ನನ್ನ ಬಾಜೂಕ."

ಸಿದ್ರಾಮಪ್ಪ ತಲೆಯೆತ್ತಿ ಸೂರನ್ನು ನೋಡಿದರು. ಮೇಲಿನ ಅಂತಸ್ತಿನಲ್ಲಿ ಹಮಾಲರು ಚೀಲ ಇಳಿಸಿದ ಪೆಟ್ಟು ಕೇಳಿಸಿತು. ಅವರು ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು: ಅಂಗಳದ ಅಂಚಿನಲ್ಲಿ, ಹರವಿದ ತೊಗರಿಯ ಪಕ್ಕದಲ್ಲೇ, ಬರಿ ನೆಲದ ಮೇಲೆ ಕೂತರು. ತಲೆಯ ಮೇಲೆ ಏನೂ ಇರಲಿಲ್ಲ. ಹೆಂಗಸರು ಸಾಲು ಹೊಡೆಯುತ್ತ ಅವರ ಪಕ್ಕದಿಂದ ಹಾದುಹೋದರು. ಒಬ್ಬಳು ಏನೋ ಅಂದಳು, ಅವರು ಕಾಲಿಗೆ ತಾಗಿದ ಕಾಳನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದರು. ಅವರಿಗೆ ಆ ಜಾಗ ಹಿಡಿಸಿತ್ತೋ, ಖಾಜಾಭಾಯಿಯ ಟೆಂಪೋ ತಿರುಗಿ ಬರಲೆಂದು ಸುಮ್ಮನೆ ಕೂತಿದ್ದರೋ ನನಗೆ ತಿಳಿಯದು.

ಮನ್ಮಥಪ್ಪ ಬಹಳ ಹೊತ್ತು ಕಿಟಕಿಯಲ್ಲಿ ನಿಂತು ನೋಡಿದರು. ಆಮೇಲೆ ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ ಕೇಳಿದರು.

"ಸರ್, ಇದರಾಗ ಡ್ರೈಯರ್ ತಗದು ಅಂಗಳ ವಾಪಸ್ ಇಡಲಕ್ಕ ಬರತದೇನ್ರಿ?"

ಬರುತ್ತದೆ ಎಂದೆ. ಆದರೆ ನಿಲಂಗಾ ತೆಗೆದು ಉಳಿಸಿದ ಹೊತ್ತೆಲ್ಲ ಇಲ್ಲಿ ಬಿಸಿಲು ಕಾಯುವುದರಲ್ಲಿ ಹೋಗುತ್ತದೆ, ಮಳೆಗಾಲದಲ್ಲಿ ಮಿಲ್ಲು ಮತ್ತೆ ನಿಲ್ಲುತ್ತದೆ ಎಂದೂ ಹೇಳಿದೆ. ಅವರಿಗೆ ಅದೆಲ್ಲ ಗೊತ್ತಿತ್ತು.

"ಇರಲಿ ಬಿಡ್ರಿ. ಅಂಗಳ ಅಣ್ಣಗ ಬೇಕಾಗತದ."

ಕಮಲಾಬಾಯಿ ಬಾಗಿಲ ಹತ್ತಿರದಿಂದ ಅಂದರು, "ಅಲ್ಲೇ ಕುಂತಾರ. ಒಂದ ಸಲ ಬಾಯಿಲೆ ಕೇಳ್ರಿ, ಬೇಕೋ ಬ್ಯಾಡೋ ಅಂತ."

"ಈಗ ಬ್ಯಾಡ," ಎಂದರು ಮನ್ಮಥಪ್ಪ. "ಈಗರೆ ಅಷ್ಟು ಮಾತಾಡ್ಯಾನ. ಮತ್ತ ಕೇಳಿದ್ರ ಮನಸಿಗೆ ಹಚ್ಕೋತಾನ." ನನ್ನ ಕಡೆ ತಿರುಗಿ, ಡ್ರೈಯರ್ ಬಿಟ್ಟ ಮಾತು ಅಣ್ಣನಿಗೆ ಹೇಳಬೇಡಿ ಎಂದರು. ಅವರು ಕೇಳಿಕೊಂಡ ರೀತಿ ಹಾಗಿತ್ತು, ಬೇರೇನನ್ನೂ ಹೇಳಲು ಬಾಯಿ ಬರಲಿಲ್ಲ.

ಅವರು ಹೇಳಿದಂತೆ ಡ್ರೈಯರ್ ತೆಗೆದೆ, ಅಂಗಳ ಇಟ್ಟೆ, ಮಾದರಿ ಓಡಿಸಿದೆ. ಕಮಲಾಬಾಯಿಯೂ ಬಗ್ಗಿ ನೋಡಿದರು. ಚೌಕಗಳು ಉಮರ್ಗಾದಿಂದ ಹೊರಟು, ನಿಲಂಗಾದಲ್ಲಿ ನಿಲ್ಲದೆ, ಸರಸರನೆ ಉದಗೀರಕ್ಕೆ ಬಂದವು. ಬಂದು ಅಂಗಳದಲ್ಲಿ ನಿಂತವು. ಹಿಂದಿನಿಂದ ಬಂದವು ಅವುಗಳ ಬೆನ್ನಿಗೆ ನಿಂತವು. ಕಿಟಕಿಯಾಚೆ ಸಿದ್ರಾಮಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗೇಟಿನ ಕಡೆ ನೋಡುತ್ತ ಕೂತಿದ್ದರು.